ಮೆದುಳಿಗೆ ತಂತಿ ಇಟ್ಟ ಮೇಲೆ: ಡಿಬಿಎಸ್‌ನ ಮೊದಲ ವರ್ಷ

ಪಾರ್ಕಿನ್ಸನ್ ಕಾಯಿಲೆಗೆ ಡಿಬಿಎಸ್ (ಮೆದುಳಿನ ಆಳಕ್ಕೆ ತಂತಿ ಇಟ್ಟು ಸಣ್ಣ ಕರೆಂಟು ಕೊಡುವ ಚಿಕಿತ್ಸೆ) ಮಾಡಿಸಬೇಕೆಂದು ಬರುವ ಮನೆಯವರು ಮೊದಲು ಕೇಳುವುದೆಲ್ಲ ಆಪರೇಷನ್ ಬಗ್ಗೆ. ತಲೆಬುರುಡೆಗೆ ತೂತು ಹಾಕ್ತಾರಂತೆ, ಎಚ್ಚರ ಇರುವಾಗಲೇ ಮಾಡ್ತಾರಂತೆ, ಹೌದಾ? ಆ ಭಯ ಸಹಜ. ಈ ಕೆಲಸದಲ್ಲಿರುವ ನಮ್ಮ ಚಿಂತೆ ಮಾತ್ರ ಬೇರೆ ಕಡೆ ಇರುತ್ತದೆ. ಆಪರೇಷನ್ ಒಂದು ದಿನದಲ್ಲಿ ಮುಗಿಯುತ್ತದೆ. ಯಾರಿಗೆ ಮಾಡಬೇಕು ಎಂದು ತೀರ್ಮಾನಿಸಲು ವಾರಗಳು ಬೇಕು, ಇಟ್ಟ ತಂತಿಯಲ್ಲಿ ಎಷ್ಟು ಕರೆಂಟು, ಯಾವ ಬಿಂದುವಿನಿಂದ ಹರಿಯಬೇಕು ಎಂದು ಹೊಂದಿಸಲು ತಿಂಗಳುಗಳು ಬೇಕು. ‘ಆಪರೇಷನ್ ಆಯ್ತು, ಏನೂ ಪ್ರಯೋಜನ ಆಗಲಿಲ್ಲ’ ಎಂದು ಬರುವವರನ್ನು ಪರೀಕ್ಷಿಸಿದಾಗ ತಂತಿ ಸರಿಯಾದ ಜಾಗದಲ್ಲೇ ಇದ್ದು, ಹೊಂದಿಸುವ ಕೆಲಸ ಅರ್ಧಕ್ಕೆ ನಿಂತಿರುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಅದಕ್ಕೇ ಇಡೀ ಹಾದಿಯನ್ನು, ನಡೆಯುವ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಡಿಬಿಎಸ್ ಅಂದರೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್. ಉಪಕರಣದಲ್ಲಿ ಮೂರು ಭಾಗಗಳಿವೆ. ಮೆದುಳಿನೊಳಗೆ ಹೋಗುವ ತಂತಿಗೆ ಲೀಡ್ ಎನ್ನುತ್ತೇವೆ. ಅದರ ದಪ್ಪ ಸುಮಾರು 1.3 ಮಿ.ಮೀ. ತುದಿಯಲ್ಲಿ ನಾಲ್ಕು ಲೋಹದ ಉಂಗುರಗಳಿವೆ, ಒಂದೊಂದೂ 1.5 ಮಿ.ಮೀ. ಉದ್ದ, ನಡುವೆ ಸಾಮಾನ್ಯವಾಗಿ ಅರ್ಧ ಮಿ.ಮೀ. ಅಂತರ. ಇವು ಕಾಂಟ್ಯಾಕ್ಟ್‌ಗಳು. ಹೊಸ ಲೀಡ್‌ಗಳಲ್ಲಿ ನಡುವಿನ ಎರಡು ಉಂಗುರಗಳನ್ನು ಮೂರು ಮೂರು ತುಂಡು ಮಾಡಿರುತ್ತಾರೆ. ಬೇಡದ ದಿಕ್ಕಿನ ತುಂಡನ್ನು ಬಂದ್ ಮಾಡಿ, ಕರೆಂಟನ್ನು ಬೇಕಾದ ಕಡೆಗೆ ತಿರುಗಿಸಲು ಇದರಿಂದ ಸಾಧ್ಯ. ಲೀಡಿಗೆ ಕಿವಿಯ ಹಿಂದೆ ಒಂದು ಎಕ್ಸ್‌ಟೆನ್ಷನ್ ವೈರ್ ಸೇರುತ್ತದೆ; ಅದು ಕುತ್ತಿಗೆಯ ಚರ್ಮದ ಅಡಿಯಲ್ಲಿ ಇಳಿದು, ಕಾಲರ್ ಮೂಳೆಯ ಕೆಳಗೆ ಇಟ್ಟ ಪಲ್ಸ್ ಜನರೇಟರನ್ನು ಮುಟ್ಟುತ್ತದೆ. ರೋಗಿಗಳು ಅದನ್ನು ‘ಬ್ಯಾಟರಿ’ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ವೈದ್ಯರಾದ ಆಲಿಮ್ ಲೂಯಿ ಬೆನಬಿದ್ ಮತ್ತು ಪಿಯೆರ್ ಪೊಲಾಕ್ 1987ರಲ್ಲಿ ಮೆದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗಕ್ಕೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಮಿಡಿಯುವ ಕರೆಂಟು ಕೊಟ್ಟು ನಡುಕವನ್ನು ನಿಲ್ಲಿಸಿದರು. ನಡುಕ ಮಾತ್ರವಲ್ಲದೆ ಬಿಗಿತ, ನಿಧಾನಗತಿಗಳಿಗೂ ಗುರಿ ಯಾವುದು ಎಂಬುದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ, ಅಮೆರಿಕದ ನರವಿಜ್ಞಾನಿ ಮಹ್ಲಾನ್ ಡಿಲಾಂಗ್ ಅವರ ತಂಡ ಪಾರ್ಕಿನ್ಸನ್ ಬರಿಸಿದ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಗಂಟನ್ನು ನಿಷ್ಕ್ರಿಯಗೊಳಿಸಿದಾಗ. 1993ರಲ್ಲಿ ಗ್ರೆನೋಬಲ್ ತಂಡ ಮನುಷ್ಯರಲ್ಲಿ ಅದೇ ಗಂಟಿಗೆ ಲೀಡ್ ಇಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡುಕಕ್ಕೆ 1997ರಲ್ಲಿ, ಪಾರ್ಕಿನ್ಸನ್‌ಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದಿಗೂ ಬಹುಪಾಲು ಪಾರ್ಕಿನ್ಸನ್ ರೋಗಿಗಳಲ್ಲಿ ನಮ್ಮ ಗುರಿ ಆ ಗಂಟೇ.

ಮೊದಲ ಕೆಲಸ ಆಯ್ಕೆ. ಕಾಯಿಲೆ ಶುರುವಾಗಿ ಕನಿಷ್ಠ ನಾಲ್ಕೈದು ವರ್ಷ ಆಗಿರಲಿ ಎನ್ನುತ್ತೇವೆ. ಪಾರ್ಕಿನ್ಸನ್ ಹಾಗೆಯೇ ಕಾಣುವ ಬೇರೆ ಕಾಯಿಲೆಗಳಿವೆ. ಎಂಎಸ್‌ಎ, ಪಿಎಸ್‌ಪಿ ಮುಂತಾದವು ಮೊದಲ ಕೆಲವು ವರ್ಷ ಗುರುತು ಸಿಗುವುದಿಲ್ಲ, ಅವುಗಳಿಗೆ ಡಿಬಿಎಸ್ ಕೆಲಸ ಮಾಡುವುದಿಲ್ಲ. ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆಯನ್ನು ದಿನಕ್ಕೆ ಐದು ಸಲ ನುಂಗಿದರೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ದೇಹ ಕಟ್ಟಿಹಾಕಿದಂತೆ ಆಗುವುದು, ಅಥವಾ ಒಂದು ಗಂಟೆಗಿಂತ ಹೆಚ್ಚು ಹೊತ್ತು ಮೈ ತಾನಾಗಿ ತಿರುಚಿಕೊಂಡು ಕುಣಿಯುವುದು: ಇಂಥ ರೋಗಿಗಳನ್ನು ಡಿಬಿಎಸ್‌ಗೆ ಪರಿಶೀಲಿಸಬೇಕು. ಕಟ್ಟಿಹಾಕಿದಂತಾಗುವುದನ್ನು ‘ಆಫ್’, ಮಾತ್ರೆ ಹಿಡಿದ ಹೊತ್ತನ್ನು ‘ಆನ್’, ಆ ಬೇಡದ ಕುಣಿತವನ್ನು ಡಿಸ್ಕೈನೇಸಿಯಾ ಎನ್ನುತ್ತೇವೆ. ಮನೆಯವರಿಗೆ ಒಂದು ನೋಟುಬುಕ್ಕು ಕೊಟ್ಟು, ಅರ್ಧ ಗಂಟೆಗೊಮ್ಮೆ ಆನ್, ಆಫ್, ಕುಣಿತ ಎಂದು ಗುರುತು ಹಾಕಲು ಹೇಳುತ್ತೇವೆ. ಮಾತ್ರೆಯ ಹೊತ್ತು, ಊಟದ ಹೊತ್ತು ಕೂಡ ಅದರಲ್ಲಿರಬೇಕು. ಬೇಳೆ, ಮೊಟ್ಟೆ, ಹಾಲು, ಮಾಂಸದ ಪ್ರೊಟೀನು ಲೆವೊಡೋಪಾ ಹೀರಿಕೊಳ್ಳುವುದನ್ನು ತಡೆಯುತ್ತದೆ. ಮಧ್ಯಾಹ್ನದ ಊಟದ ಜೊತೆಗೇ ಮಾತ್ರೆ ನುಂಗುವವರ ಮಧ್ಯಾಹ್ನದ ಆಫ್, ಊಟಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ನುಂಗಿದರೆ ಕಡಿಮೆಯಾಗುವುದುಂಟು. ಅಷ್ಟರಲ್ಲೇ ನೆಮ್ಮದಿಯಾದರೆ ಆಪರೇಷನ್ನಿನ ಮಾತು ಮುಂದಕ್ಕೆ ಹೋಗುತ್ತದೆ.

ನಂತರ ಲೆವೊಡೋಪಾ ಪರೀಕ್ಷೆ. ಇಡೀ ಹಾದಿಯಲ್ಲಿ ಇದಕ್ಕಿಂತ ಮುಖ್ಯವಾದ ಬೆಳಗು ಇನ್ನೊಂದಿಲ್ಲ. ಹಿಂದಿನ ರಾತ್ರಿಯಿಂದ ಕನಿಷ್ಠ 12 ಗಂಟೆ ಪಾರ್ಕಿನ್ಸನ್ ಮಾತ್ರೆ ನಿಲ್ಲಿಸಿರಬೇಕು. ರೋಪಿನಿರೋಲ್, ಪ್ರಾಮಿಪೆಕ್ಸೋಲ್‌ನಂಥ ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳನ್ನು ಇನ್ನೂ ಮೊದಲೇ. ಬೆಳಿಗ್ಗೆ ಆಫ್ ಸ್ಥಿತಿಯಲ್ಲಿ ಎಂಡಿಎಸ್-ಯುಪಿಡಿಆರ್‌ಎಸ್ ಎಂಬ, ಕಾಯಿಲೆಯ ತೀವ್ರತೆ ಅಳೆಯುವ ಅಂಕಪಟ್ಟಿಯ ಮೂರನೇ ಭಾಗದ ಅಂಕ ಹಾಕುತ್ತೇವೆ: ಬೆರಳು ತಟ್ಟುವುದು, ಕಾಲು ತಟ್ಟುವುದು, ಕುರ್ಚಿಯಿಂದ ಏಳುವುದು, ನಡೆಯುವುದು, ಬಿಗಿತ, ನಡುಕ ಎಲ್ಲ ಸೇರಿ ಒಟ್ಟು 132. ಅಂಕ ಹೆಚ್ಚಿದ್ದಷ್ಟೂ ಕಾಯಿಲೆ ಹೆಚ್ಚು. ಆಮೇಲೆ ವಾಡಿಕೆಯ ಬೆಳಗಿನ ಡೋಸಿನ ಒಂದೂವರೆ ಪಟ್ಟು ಲೆವೊಡೋಪಾ ಕೊಟ್ಟು, ಸುಮಾರು ಒಂದು ಗಂಟೆ ಕಾದು, ರೋಗಿಯೇ ‘ಈಗ ಪೂರ್ತಿ ಹಿಡೀತು’ ಎಂದಾಗ ಅದೇ ಅಂಕ ಮತ್ತೆ. ಕನಿಷ್ಠ 30 ಪ್ರತಿಶತ ಇಳಿಯಬೇಕು. ಎರಡೂ ಸಲ ವಿಡಿಯೋ ತೆಗೆಯುವುದು ಕಡ್ಡಾಯ. ವರ್ಷದ ನಂತರ ‘ಮುಂಚೆ ಹೇಗಿತ್ತು’ ಎಂಬ ಪ್ರಶ್ನೆ ಬಂದಾಗ ನೆನಪನ್ನು ನಂಬಲಾಗದು.

ಇಲ್ಲಿ ಲೆಕ್ಕ ತಪ್ಪಿಸುವ ಒಂದು ವಸ್ತು ನಮ್ಮೂರಿನದೇ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದರ ಪುಡಿಯನ್ನು ಹಾಲಿಗೆ ಹಾಕಿಕೊಂಡು ಕುಡಿಯುವವರು ಅದನ್ನು ಔಷಧಿ ಎಂದು ಎಣಿಸುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ರಾತ್ರಿ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಪುಡಿ ಕುಡಿದು ಬಂದರೆ ಆಫ್ ಅಂಕ ಕಡಿಮೆ ಬರುತ್ತದೆ, ಸುಧಾರಣೆಯೂ ಕಡಿಮೆ ಕಾಣುತ್ತದೆ, ಯೋಗ್ಯ ರೋಗಿಯೊಬ್ಬರು ಪಟ್ಟಿಯಿಂದ ಬಿಟ್ಟುಹೋಗಬಹುದು. ಹಾಗಾಗಿ ‘ಬೇರೆ ಮಾತ್ರೆ ಏನಾದ್ರೂ ತಗೋತೀರಾ’ ಎಂದು ಕೇಳಿದರೆ ಸಾಲದು, ‘ಪುಡಿ, ಲೇಹ್ಯ, ಕಷಾಯ ಏನಾದ್ರೂ ಉಂಟಾ’ ಎಂದು ಬಿಡಿಸಿ ಕೇಳಬೇಕು.

ಈ ಪರೀಕ್ಷೆಗೆ ಇಷ್ಟು ತೂಕ ಯಾಕೆಂದರೆ, ಮಾತ್ರೆ ಒಳ್ಳೆಯ ಹೊತ್ತಿನಲ್ಲಿ ಏನನ್ನು ಸರಿಮಾಡುತ್ತದೋ ಡಿಬಿಎಸ್ ಹೆಚ್ಚುಕಡಿಮೆ ಅದನ್ನೇ ಸರಿಮಾಡುತ್ತದೆ, ಇಡೀ ದಿನ ಸಮನಾಗಿ. ಮಾತ್ರೆಗೆ ಬಗ್ಗದ ನಡುಕ ಒಂದೇ ಇದಕ್ಕೆ ದೊಡ್ಡ ಅಪವಾದ; ಅದು ಡಿಬಿಎಸ್‌ಗೆ ಬಗ್ಗುತ್ತದೆ. ಪೂರ್ತಿ ಆನ್ ಇದ್ದಾಗಲೂ ಬೀಳುವವರು, ಕಾಲು ನೆಲಕ್ಕೆ ಕಚ್ಚಿಕೊಳ್ಳುವವರು, ನುಂಗಲು ಕಷ್ಟಪಡುವವರು ಆ ತೊಂದರೆಗಳಿಗಾಗಿ ಆಪರೇಷನ್ ಮಾಡಿಸಿಕೊಳ್ಳಬಾರದು. ಮರೆವು ಹೆಚ್ಚಿದ್ದರೆ ಡಿಬಿಎಸ್ ಅದನ್ನು ಇನ್ನಷ್ಟು ಕೆದಕಬಹುದು. ನೆನಪು, ಗಮನ, ಯೋಜನೆಯ ಪರೀಕ್ಷೆಗಳನ್ನು ರೋಗಿಯ ಮನೆಮಾತಿನಲ್ಲೇ ಮಾಡಬೇಕು; ಓದುಬರಹ ಬಾರದ ಹಿರಿಯರಿಗೆ ಬರಹದ ಪರೀಕ್ಷೆ ಕೊಟ್ಟು ಅಂಕ ಕಡಿಮೆ ಎನ್ನುವುದು ಅನ್ಯಾಯ. ತೀವ್ರ ಖಿನ್ನತೆ, ಆತ್ಮಹತ್ಯೆಯ ಯೋಚನೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

ಮನೆಯವರಿಗೆ ನಾವು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ. ಮೊದಲ ಆರು ತಿಂಗಳಲ್ಲಿ ನಾಲ್ಕರಿಂದ ಆರು ಸಲ ಇವರನ್ನು ಕರೆದುಕೊಂಡು ಬರುವವರು ಯಾರು? ನಿಮ್ಹಾನ್ಸ್ ಸೇರಿದಂತೆ ರಾಜ್ಯದ ಹೆಚ್ಚಿನ ಡಿಬಿಎಸ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಬೀದರ್, ಕಾರವಾರದ ಕಡೆಯವರಿಗೆ ಪ್ರತಿ ಭೇಟಿಯೂ ಒಂದು ರಾತ್ರಿಯ ಪ್ರಯಾಣ. ಉಪಕರಣದ ಬೆಲೆಯೇ ಹಲವು ಲಕ್ಷ. ಅದನ್ನು ಸಾಲ ಮಾಡಿ ಹೊಂದಿಸಿದವರು ಓಡಾಟದ ಖರ್ಚನ್ನು, ಮುಂದೆ ಬ್ಯಾಟರಿ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಇದ್ದರೆ ಚಿಕಿತ್ಸೆ ನಡುವೆ ನಿಲ್ಲುತ್ತದೆ.

ಆಪರೇಷನ್ನಿಗೆ ಮುಂಚೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೃದಯದ ಡಾಕ್ಟರನ್ನು ಕೇಳಿ ನಿಲ್ಲಿಸುತ್ತೇವೆ. ಬಿ.ಪಿ. ಹತೋಟಿಯಲ್ಲಿರಬೇಕು. ತಂತಿ ಇಳಿಯುವಾಗ ಮೇಲಿನ ಒತ್ತಡ 140 ದಾಟಿದರೆ ಮೆದುಳಿನೊಳಗೆ ರಕ್ತ ಸೋರುವ ಅಪಾಯ ಏರುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ನೂರರಲ್ಲಿ ಒಬ್ಬಿಬ್ಬರಿಗೆ ತೊಂದರೆ ಕೊಡುವಷ್ಟು ರಕ್ತಸ್ರಾವ ಆಗುತ್ತದೆ. ಇದನ್ನು ಮರೆಮಾಚದೆ ಹೇಳಿಯೇ ಸಹಿ ಹಾಕಿಸಬೇಕು.

ಎಂಆರ್‌ಐ ಮೊದಲೇ ಆಗಿರುತ್ತದೆ. ಸಬ್‌ಥಲಾಮಿಕ್ ಗಂಟಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಕಪ್ಪಾಗಿ, ಬಾದಾಮಿಯ ಆಕಾರದಲ್ಲಿ ಕಾಣುತ್ತದೆ. ಮೆದುಳಿನ ಮಧ್ಯರೇಖೆಯಿಂದ ಪಕ್ಕಕ್ಕೆ ಸುಮಾರು 12 ಮಿ.ಮೀ., ಮೆದುಳಿನೊಳಗಿನ ಎರಡು ಗುರುತುಗಳನ್ನು ಸೇರಿಸುವ ಎಸಿ-ಪಿಸಿ ಗೆರೆಯ ನಡುಬಿಂದುವಿನಿಂದ ಹಿಂದಕ್ಕೆ 3 ಮಿ.ಮೀ., ಕೆಳಕ್ಕೆ 4 ಮಿ.ಮೀ. ಅದರ ವಿಳಾಸ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆ, ಪುಸ್ತಕದ ಅಂಕಿಯನ್ನೇ ನಂಬಿ ಯಾರೂ ತೂತು ಹಾಕುವುದಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಾಲ್ಕು ತಿರುಪುಗಳಿಂದ ಲೋಹದ ಚೌಕಟ್ಟನ್ನು ತಲೆಗೆ ಬಿಗಿಯುತ್ತಾರೆ. ಆ ಚೌಕಟ್ಟಿನೊಂದಿಗೇ ಸಿಟಿ ಸ್ಕ್ಯಾನ್. ಕಂಪ್ಯೂಟರಿನಲ್ಲಿ ಸಿಟಿಯನ್ನೂ ಎಂಆರ್‌ಐಯನ್ನೂ ಒಂದರ ಮೇಲೊಂದು ಕೂರಿಸಿ, ರಕ್ತನಾಳಗಳನ್ನು ತಪ್ಪಿಸುವ ದಾರಿ ಗುರುತಿಸುತ್ತಾರೆ. ರೋಗಿ ಹಿಂದಿನ ರಾತ್ರಿಯಿಂದ ಮಾತ್ರೆ ಇಲ್ಲದೆ ಆಫ್‌ನಲ್ಲಿ ಇರುತ್ತಾರೆ, ಬೆನ್ನು ನೋವು, ಬಿಗಿತ ಜೋರು. ಮೇಜಿನ ಮೇಲೆ ಮಂಡಿಯ ಕೆಳಗೆ ದಿಂಬು, ಕೈಗೆ ಆಸರೆ, ಆಗಾಗ ತುಟಿಗೆ ನೀರು: ಈ ಸಣ್ಣ ಉಪಚಾರಗಳು ಆ ಗಂಟೆಗಳನ್ನು ಸಹ್ಯವಾಗಿಸುತ್ತವೆ.

ತೂತು ಸುಮಾರು 14 ಮಿ.ಮೀ. ಅಗಲ. ಮೆದುಳಿನ ಹೊದಿಕೆ ತೆರೆದ ಕೂಡಲೇ ದ್ರವ ಸೋರಿ, ಗಾಳಿ ಒಳಸೇರಿ, ಮೆದುಳೇ ಒಂದೆರಡು ಮಿಲಿಮೀಟರ್ ಕುಸಿಯಬಹುದು. ಬೆಳಿಗ್ಗೆ ಲೆಕ್ಕ ಹಾಕಿದ ವಿಳಾಸ ಅಷ್ಟಕ್ಕೇ ತಪ್ಪುತ್ತದೆ. ಹಾಗಾಗಿ ತೆರೆದ ಜಾಗವನ್ನು ಬೇಗ ಅಂಟಿನಿಂದ ಮುಚ್ಚುತ್ತಾರೆ. ನಂತರ ಕೂದಲೆಳೆಯಂಥ ಮೈಕ್ರೋಎಲೆಕ್ಟ್ರೋಡುಗಳನ್ನು ಗುರಿಗೆ 10 ಮಿ.ಮೀ. ಮೇಲಿನಿಂದ ಮೆಲ್ಲಗೆ ಇಳಿಸುತ್ತಾ ನರಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತೇವೆ. ಥಲಾಮಸ್‌ನಲ್ಲಿ ಅಲ್ಲೊಂದು ಇಲ್ಲೊಂದು ಟಕ್‌ ಟಕ್. ಆಮೇಲೆ ಸ್ವಲ್ಪ ಹೊತ್ತು ಮೌನ. ಸಬ್‌ಥಲಾಮಿಕ್ ಗಂಟು ಹೊಕ್ಕ ಕ್ಷಣ ಹೆಂಚಿನ ಮೇಲೆ ಬಿರುಮಳೆ ಬಿದ್ದ ಸದ್ದು. ಆ ಸದ್ದು 4-5 ಮಿ.ಮೀ. ಉದ್ದಕ್ಕೂ ಸಿಕ್ಕರೆ ದಾರಿ ಸರಿ ಎಂದು ಲೆಕ್ಕ. ರೋಗಿಯ ಮಣಿಕಟ್ಟನ್ನು ಅಲ್ಲಾಡಿಸಿದಾಗ ಸದ್ದು ಬದಲಾದರೆ ಗಂಟಿನೊಳಗೆ ಚಲನೆಗೆ ಸಂಬಂಧಿಸಿದ ಭಾಗದಲ್ಲೇ ಇದ್ದೇವೆ. ಇನ್ನೂ ಕೆಳಗೆ ಮತ್ತೆ ಮೌನ, ನಂತರ ಒಂದೇ ಸಮನೆ ವೇಗವಾಗಿ ಬಡಿಯುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗ, ಅಲ್ಲಿಗೆ ನಿಲ್ಲಬೇಕು.

ದಾರಿ ಖಚಿತವಾದ ಮೇಲೆ ಕರೆಂಟು ಕೊಟ್ಟು ನೋಡುತ್ತೇವೆ. ಬಿಗಿತ ಸಡಿಲವಾಗುತ್ತದೆಯೇ, ಎಷ್ಟು ಏರಿಸಿದರೆ ಬಾಯಿ ಒಂದು ಕಡೆ ಎಳೆಯುತ್ತದೆ? ಸಮಾಧಾನವಾದರೆ ನಿಜವಾದ ಲೀಡ್ ಇಟ್ಟು, ತೂತಿನ ಬಳಿ ಬಿಗಿದು, ಮತ್ತೊಂದು ಬದಿಗೆ ಹೋಗುತ್ತಾರೆ. ಪೂರ್ತಿ ಅರಿವಳಿಕೆಯಲ್ಲಿ, ಸ್ಕ್ಯಾನ್ ಆಧಾರದ ಮೇಲೆಯೇ ಇಡುವ ಕೇಂದ್ರಗಳೂ ಇವೆ. ಎಚ್ಚರವಾಗಿ ಮಲಗಲಾಗದ ರೋಗಿಗಳಿಗೆ ಅದು ವರ. ಬ್ಯಾಟರಿ ಇಡುವುದು ಅರಿವಳಿಕೆಯಲ್ಲೇ, ಅದೇ ದಿನ ಅಥವಾ ಕೆಲವು ದಿನ ಬಿಟ್ಟು. ಕೊನೆಗೆ ಇನ್ನೊಂದು ಸಿಟಿ: ರಕ್ತಸ್ರಾವ ಇಲ್ಲವೆಂದೂ ಲೀಡ್ ಎಲ್ಲಿ ಕೂತಿದೆಯೆಂದೂ ನೋಡಲು. ಈ ಚಿತ್ರವನ್ನು ಜೋಪಾನವಾಗಿ ಇಡಿ. ಮುಂದೆ ಕರೆಂಟು ಹೊಂದಿಸುವ ಕೆಲಸಕ್ಕೆ, ಅಂದರೆ ಪ್ರೋಗ್ರಾಮಿಂಗ್‌ಗೆ ಇದೇ ನಕ್ಷೆ.

ಆಪರೇಷನ್ ಆದ ಮರುದಿನವೇ, ಕರೆಂಟು ಇನ್ನೂ ಹಾಕದೆ ಇದ್ದರೂ, ಕೆಲವರು ಸಲೀಸಾಗಿ ನಡೆಯುತ್ತಾರೆ. ಮನೆಯವರ ಕಣ್ಣಲ್ಲಿ ನೀರು. ಆಗಲೇ ಹೇಳಿಬಿಡಬೇಕು: ಇದು ಲೀಡ್ ಇಳಿದಾಗ ಸುತ್ತಲೂ ಆದ ಊತದ ಫಲ, ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತದೆ. ಹೇಳದಿದ್ದರೆ, ನಡುಕ ವಾಪಸ್ ಬಂದ ದಿನ ‘ಮಿಷನ್ ಕೆಟ್ಟಿತು’ ಎಂದು ಮನೆಮಂದಿ ಕಂಗಾಲಾಗುತ್ತಾರೆ. ಆ ಊತ ಇಳಿಯಲಿ ಎಂದೇ ಪ್ರೋಗ್ರಾಮಿಂಗನ್ನು ಎರಡರಿಂದ ನಾಲ್ಕು ವಾರ ಬಿಟ್ಟು ಶುರುಮಾಡುವುದು.

ಮೊದಲ ಪ್ರೋಗ್ರಾಮಿಂಗ್ ದಿನ ರೋಗಿ ಮತ್ತೆ ಮಾತ್ರೆಯಿಲ್ಲದೆ ಬರಬೇಕು. ದೂರದ ಊರಿನವರು ರಾತ್ರಿ ಬಸ್ಸಿನಲ್ಲಿ ಮಾತ್ರೆ ಇಲ್ಲದೆ ಬರುವುದು ಹಿಂಸೆ, ಅಪಾಯ ಕೂಡ. ಹಿಂದಿನ ದಿನವೇ ಮಾತ್ರೆ ತೆಗೆದುಕೊಂಡು ಬಂದು, ಆಸ್ಪತ್ರೆಯ ಹತ್ತಿರ ಉಳಿದು, ಬೆಳಗಿನ ಡೋಸನ್ನಷ್ಟೇ ಬಿಡಬೇಕು. ಆ ಡೋಸು ಚೀಲದಲ್ಲಿರಲಿ, ಪರೀಕ್ಷೆ ಮುಗಿದ ಕೂಡಲೇ ಬೇಕಾಗುತ್ತದೆ.

ಶುರುವಿನಲ್ಲೇ ಇಂಪಿಡೆನ್ಸ್ ನೋಡುತ್ತೇವೆ, ಅಂದರೆ ಪ್ರತಿ ಕಾಂಟ್ಯಾಕ್ಟಿನ ವಿದ್ಯುತ್ ತಡೆ. ಕೆಲವು ನೂರರಿಂದ ಎರಡು ಸಾವಿರ ಓಮ್ ಒಳಗೆ ಇದ್ದರೆ ಸರಿ. ಬಹಳ ಹೆಚ್ಚಿದ್ದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಜೋಡಣೆ ಸಡಿಲ. ತೀರಾ ಕಡಿಮೆ ಇದ್ದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಇದನ್ನು ನೋಡದೆ ಮುಂದುವರಿದರೆ, ಕರೆಂಟೇ ಹರಿಯದ ಕಾಂಟ್ಯಾಕ್ಟನ್ನು ‘ಪ್ರಯೋಜನವಿಲ್ಲ’ ಎಂದು ಬರೆದುಬಿಡುವ ಸಾಧ್ಯತೆ ಇದೆ.

ಆಮೇಲೆ ಒಂದೊಂದೇ ಕಾಂಟ್ಯಾಕ್ಟ್. ಪಲ್ಸಿನ ಅಗಲ 60 ಮೈಕ್ರೋಸೆಕೆಂಡ್, ಆವರ್ತನ 130 ಹರ್ಟ್ಸ್, ಇವೆರಡನ್ನೂ ಮುಟ್ಟುವುದಿಲ್ಲ. ಕರೆಂಟನ್ನು ಮಾತ್ರ ಸೊನ್ನೆಯಿಂದ 0.5 ಮಿಲಿಆಂಪಿಯರಿನಂತೆ ಏರಿಸುತ್ತೇವೆ. ಪ್ರತಿ ಮೆಟ್ಟಿಲಿನಲ್ಲೂ ಒಬ್ಬರು ಎದುರು ಬದಿಯ ಮಣಿಕಟ್ಟನ್ನು ಹಿಡಿದು ತಿರುಗಿಸುತ್ತಿರಬೇಕು, ಎಡ ಮೆದುಳಿನ ಲೀಡ್ ಆದರೆ ಬಲಗೈ. ಬಿಗಿತವೇ ನಮ್ಮ ಮುಖ್ಯ ಅಳತೆ. ನಡುಕ ಮನಸ್ಸಿನ ಆತಂಕದಿಂದ ಏರಿಳಿಯುತ್ತದೆ, ಬೆರಳು ತಟ್ಟಿ ತಟ್ಟಿ ರೋಗಿ ದಣಿಯುತ್ತಾರೆ, ಬಿಗಿತ ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಸಡಿಲಗೊಂಡು ಕೈಗೆ ಗೊತ್ತಾಗುತ್ತದೆ.

ಜೊತೆಗೇ ಮಾತು. ‘ಪ-ತ-ಕ’ ವೇಗವಾಗಿ ಹೇಳಿಸುವುದು ಎಲ್ಲ ಕಡೆಯ ಕ್ರಮ. ನಮ್ಮವರಿಗೆ ಅದಕ್ಕಿಂತ ಚೆನ್ನಾಗಿ ಒಪ್ಪುವುದು ಚಿಕ್ಕಂದಿನಿಂದ ನಾಲಿಗೆಯ ಮೇಲಿರುವ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’. ‘ಯಜಮಾನ್ರೇ, ಇನ್ನೊಂದ್ಸಲ ಹೇಳಿ, ಸ್ವಲ್ಪ ಬೇಗ.’ ಮೂರು ಮಿಲಿಆಂಪಿಯರಿನವರೆಗೆ ಸ್ಪಷ್ಟವಾಗಿದ್ದ ರಕಾರಗಳು ಮೂರೂವರೆಗೆ ಜಾರತೊಡಗಿದರೆ, ಆ ಕಾಂಟ್ಯಾಕ್ಟಿನ ಮಿತಿ ಅಲ್ಲಿಗೇ ಎಂದು ಬರೆದುಕೊಳ್ಳುತ್ತೇವೆ. ಹೆಂಡತಿಯೋ ಮಗಳೋ ಪಕ್ಕದಲ್ಲಿದ್ದರೆ ನಮಗಿಂತ ಮೊದಲೇ ಅವರ ಕಿವಿಗೆ ಬದಲಾವಣೆ ತಿಳಿಯುತ್ತದೆ. ‘ಇದು ನಮ್ಮ ಅಪ್ಪಾಜಿ ಮಾತಾಡೋ ರೀತಿ ಅಲ್ಲ’ ಎಂದು ಮಗಳು ಹೇಳಿದರೆ ಅದು ಅಂಕಪಟ್ಟಿಯಷ್ಟೇ ಮುಖ್ಯ.

ಅಡ್ಡಪರಿಣಾಮಗಳು ದಿಕ್ಕನ್ನೂ ತಿಳಿಸುತ್ತವೆ. ಬಾಯಿ ಎಳೆಯುವುದು, ಕೈ ಹಿಡಿದುಕೊಳ್ಳುವುದು, ಮಾತು ತೊದಲುವುದು: ಕರೆಂಟು ಹೊರಬದಿಯಲ್ಲಿರುವ ಚಲನೆಯ ನರದೆಳೆಗಳ ಕಟ್ಟಿಗೆ, ಇಂಟರ್ನಲ್ ಕ್ಯಾಪ್ಸೂಲಿಗೆ ಸೋರುತ್ತಿದೆ. ಜುಮುಗುಟ್ಟುವುದು ಒಂದೆರಡು ನಿಮಿಷದಲ್ಲಿ ನಿಲ್ಲದೆ ಉಳಿದರೆ: ಹಿಂದಕ್ಕೆ, ಸ್ಪರ್ಶದ ನರದೆಳೆಗಳಾದ ಮೀಡಿಯಲ್ ಲೆಮ್ನಿಸ್ಕಸ್ ಕಡೆಗೆ. ಎರಡೆರಡು ಕಾಣುವುದು, ಒಂದು ಕಣ್ಣು ಒಳಕ್ಕೆ ಎಳೆದಂತಾಗುವುದು: ಒಳಗೆ, ಕೆಳಗೆ, ಕಣ್ಣಿನ ನರದ ಎಳೆಗಳ ಬಳಿ. ಇದ್ದಕ್ಕಿದ್ದಂತೆ ನಗು, ಅಳು, ಎದೆ ಭಾರ: ಗಂಟಿನ ಒಳ-ಕೆಳ ತುದಿಯಲ್ಲಿರುವ ಭಾವನೆಯ ಭಾಗ. ತುಂಡು ಉಂಗುರಗಳ ಲೀಡ್ ಇದ್ದರೆ ಆ ದಿಕ್ಕಿನ ತುಂಡನ್ನು ಬಂದ್ ಮಾಡಬಹುದು, ಹಳೆಯ ಲೀಡ್ ಆದರೆ ಮೇಲಿನ ಕಾಂಟ್ಯಾಕ್ಟಿಗೆ ಹೋಗಬೇಕು ಅಥವಾ ಪಲ್ಸಿನ ಅಗಲವನ್ನು ಕಡಿಮೆ ಮಾಡಬೇಕು.

ಕೊನೆಗೆ ಒಂದು ಪಟ್ಟಿ ಕೈಗೆ ಬರುತ್ತದೆ. ಉದಾಹರಣೆಗೆ ಅತ್ಯಂತ ಕೆಳಗಿನ 0ನೇ ಕಾಂಟ್ಯಾಕ್ಟಿಗೆ 1.5 ಮಿಲಿಆಂಪಿಯರಿನಲ್ಲಿ ಲಾಭ, 2ರಲ್ಲಿ ಕಣ್ಣು ಎಳೆತ. 2ನೇ ಕಾಂಟ್ಯಾಕ್ಟಿಗೆ 1.5ರಲ್ಲೇ ಲಾಭ, 4ರವರೆಗೂ ತೊಂದರೆ ಇಲ್ಲ. ಲಾಭಕ್ಕೂ ತೊಂದರೆಗೂ ನಡುವಿನ ಈ ಅಂತರವೇ ನಾವು ಹುಡುಕುವುದು. ಎರಡು ಬದಿಗೂ ಸೇರಿ ಎರಡು ಗಂಟೆ ದಾಟುವುದು ಸಾಮಾನ್ಯ. ದಣಿದ ರೋಗಿಯನ್ನು ಅವಸರಪಡಿಸಿ ಅರ್ಧಕ್ಕೇ ಒಂದು ಕಾಂಟ್ಯಾಕ್ಟ್ ಆರಿಸುವುದಕ್ಕಿಂತ, ಇನ್ನೊಂದು ಬದಿಯನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಮೇಲು.

ಆಯ್ದ ಕಾಂಟ್ಯಾಕ್ಟನ್ನು ಕಡಿಮೆ ಕರೆಂಟಿನಲ್ಲಿ, ಹೆಚ್ಚಾಗಿ 1ರಿಂದ 1.5ರಲ್ಲಿ ಬಿಟ್ಟು, ಮಾತ್ರೆ ಕೊಟ್ಟು, ಎರಡು ಮೂರು ಗಂಟೆ ಕೂರಿಸಿಕೊಳ್ಳುತ್ತೇವೆ. ಕರೆಂಟೂ ಮಾತ್ರೆಯೂ ಸೇರಿ ಕುಣಿತ ಶುರುವಾಗಬಹುದು. ಮನೆಯವರಿಗೆ ಅದು ಹಿನ್ನಡೆಯಂತೆ ಕಾಣುತ್ತದೆ. ನಮಗೆ ಲೀಡ್ ಸರಿಯಾದ ಜಾಗದಲ್ಲಿದೆ ಎಂಬುದರ ಒಳ್ಳೆಯ ಗುರುತು. ಆ ಕುಣಿತಕ್ಕೆ ಹೆದರಿ ಕರೆಂಟು ಆರಿಸಬಾರದು. ಮಾತ್ರೆ ಇಳಿಸಿ, ಕರೆಂಟನ್ನು ವಾರಗಳ ಅವಧಿಯಲ್ಲಿ 0.25ರಂತೆ ಏರಿಸುತ್ತಾ ಹೋಗಬೇಕು.

ಮುಂದಿನ ತಿಂಗಳುಗಳಲ್ಲಿ ತಾಳ್ಮೆಯೇ ಚಿಕಿತ್ಸೆ. ನಡುಕ, ಬಿಗಿತ ತಕ್ಷಣ ಉತ್ತರಿಸುತ್ತವೆ. ನಿಧಾನಗತಿಗೆ ಗಂಟೆಗಳು, ನಡಿಗೆಗೆ ದಿನಗಳು, ಪಾದ ತಿರುಚುವ ಡಿಸ್ಟೋನಿಯಾಕ್ಕೆ ವಾರಗಳೇ ಬೇಕು. ಬೆಳಿಗ್ಗೆ ಸೆಟ್ಟಿಂಗ್ ಬದಲಿಸಿ ಮಧ್ಯಾಹ್ನ ‘ನಡಿಗೆ ಸರಿ ಹೋಗಲಿಲ್ಲ’ ಎಂದು ಮತ್ತೆ ಬದಲಿಸಿದರೆ ಯಾವುದು ಏನು ಮಾಡಿತು ಎಂದೇ ತಿಳಿಯುವುದಿಲ್ಲ. ಒಂದು ಭೇಟಿಗೆ ಒಂದು ಬದಲಾವಣೆ, ಅದೂ ಬರವಣಿಗೆಯಲ್ಲಿ.

ಮಾತ್ರೆ ಇಳಿಸುವಾಗಲೂ ಅವಸರ ಸಲ್ಲದು. ಒಟ್ಟಾರೆ ಮೂರನೇ ಒಂದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದು ಅಪರೂಪ. ಮರೆವು, ಗೊಂದಲ ತರುವ ಟ್ರೈಹೆಕ್ಸಿಫೆನಿಡಿಲ್‌ನಂಥವನ್ನು ಮೊದಲು ತೆಗೆಯುತ್ತೇವೆ. ಪ್ರಾಮಿಪೆಕ್ಸೋಲ್ ಗುಂಪಿನದನ್ನು ಬಹಳ ನಿಧಾನಕ್ಕೆ. ಇದನ್ನು ಥಟ್ಟನೆ ಕಿತ್ತರೆ ಕೈಕಾಲು ಚೆನ್ನಾಗಿ ಆಡುತ್ತಿದ್ದರೂ ಮನುಷ್ಯ ಮಂಕಾಗಿ ಕೂರುತ್ತಾರೆ, ಮೊಮ್ಮಕ್ಕಳು ಬಂದರೂ ಮಾತಿಲ್ಲ. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಅದು ಡೋಪಮೀನ್ ಕೊರತೆಯ ಉದಾಸೀನತೆ, ಸ್ವಲ್ಪ ಮಾತ್ರೆ ವಾಪಸ್ ಕೊಟ್ಟರೆ ಸುಧಾರಿಸುತ್ತದೆ. ಇದಕ್ಕೆ ವಿರುದ್ಧವಾದುದೂ ಉಂಟು: ನಿದ್ದೆಯಿಲ್ಲದೆ ಅತಿ ಉತ್ಸಾಹ, ದುಡ್ಡು ಖರ್ಚು ಮಾಡುವುದು, ಫೋನಿನಲ್ಲಿ ರಮ್ಮಿ ಆಡುತ್ತಾ ಕೂರುವುದು. ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ತಿಳಿಸಬೇಕು. ತೂಕ ಏರುವುದು, ಮಾತಿನ ದನಿ ಸಣ್ಣಗಾಗುವುದು, ಪದಗಳು ಬೇಗ ಹೊಳೆಯದಿರುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಕಾಲು ಕಚ್ಚಿಕೊಳ್ಳುವುದು ಹೆಚ್ಚಾದರೆ 130 ಹರ್ಟ್ಸ್‌ನಿಂದ 60 ಅಥವಾ 80ಕ್ಕೆ ಇಳಿಸಿ ನೋಡುತ್ತೇವೆ. ಕೆಲವರಿಗೆ ನಡಿಗೆ ಬಿಡುಗಡೆಯಾಗುತ್ತದೆ, ಕೆಲವರಿಗೆ ನಡುಕ ಮರಳುತ್ತದೆ.

ಈಚಿನ ವರ್ಷಗಳ ದೊಡ್ಡ ಹೆಜ್ಜೆ ಅಂದರೆ ಕರೆಂಟು ಕೊಡುವ ಲೀಡೇ ಮೆದುಳಿನ ಸಂಕೇತವನ್ನೂ ಕೇಳಿಸಿಕೊಳ್ಳುವುದು. ಮೆಡ್‌ಟ್ರಾನಿಕ್ ಕಂಪನಿಯ ಪರ್ಸೆಪ್ಟ್ ಉಪಕರಣಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಆ ಸಂಕೇತಕ್ಕೆ ತಕ್ಕಂತೆ ಕರೆಂಟನ್ನು ತಾನೇ ಏರಿಳಿಸುವ ಅಡಾಪ್ಟಿವ್ ವಿಧಾನಕ್ಕೆ 2025ರ ಫೆಬ್ರವರಿಯಲ್ಲಿ. ಪಾರ್ಕಿನ್ಸನ್‌ನಲ್ಲಿ ಸಬ್‌ಥಲಾಮಿಕ್ ಗಂಟಿನ ಕೋಶಗಳು 13ರಿಂದ 35 ಹರ್ಟ್ಸ್‌ನ ಬೀಟಾ ಲಯದಲ್ಲಿ ಒಟ್ಟಾಗಿ ಮಿಡಿಯುತ್ತವೆ. ಆಫ್‌ನಲ್ಲಿ ಆ ಲಯ ಏರುತ್ತದೆ, ಮಾತ್ರೆ ಅಥವಾ ಕರೆಂಟು ಹತ್ತಿದಾಗ ಇಳಿಯುತ್ತದೆ. ಮನೆಯಲ್ಲಿದ್ದಾಗ ಹತ್ತು ಹತ್ತು ನಿಮಿಷದ ಸರಾಸರಿಯನ್ನು ಉಪಕರಣ ದಾಖಲಿಸಿಕೊಳ್ಳುತ್ತದೆ. ನೋಟುಬುಕ್ಕಿನ ಗುರುತುಗಳ ಪಕ್ಕದಲ್ಲಿ ಈ ಗೆರೆಯನ್ನು ಇಟ್ಟು ನೋಡಿದಾಗ, ಯಾವ ಡೋಸು ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಕಾಣುತ್ತದೆ. ಈ ಕೆಲಸದಲ್ಲಿ ಇದೊಂದು ನಿಜವಾದ ಬೆಳಕು.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಕೇಳಿಸಿಕೊಳ್ಳಲು ಕರೆಂಟು ಕೊಡುವ ಕಾಂಟ್ಯಾಕ್ಟಿನ ಮೇಲೊಂದು ಕೆಳಗೊಂದು ಖಾಲಿ ಇರಬೇಕು; ಒಳ್ಳೆಯ ಕಾಂಟ್ಯಾಕ್ಟ್ ತುದಿಯದ್ದಾದರೆ ಆ ಸೌಲಭ್ಯ ತಪ್ಪುತ್ತದೆ. ಸಂಕೇತ ಒಂದು ಮೈಕ್ರೋವೋಲ್ಟಿನ ಆಸುಪಾಸಿನದು, ಎದೆಯಲ್ಲಿ ಇಟ್ಟ ಉಪಕರಣಕ್ಕೆ ಹೃದಯದ ಬಡಿತ ಅದಕ್ಕಿಂತ ಜೋರಾಗಿ ಕೇಳಬಹುದು. ಎಡಗಡೆ ಇಟ್ಟಾಗ ಈ ತೊಂದರೆ ಹೆಚ್ಚು, ಅದಕ್ಕೇ ಸಾಧ್ಯವಾದಾಗ ಬಲಗಡೆ ಇಡುವುದು. ನಡುಕವೇ ಪ್ರಧಾನವಾದ ಕೆಲವರಲ್ಲಿ ಬೀಟಾ ಶಿಖರವೇ ಕಾಣುವುದಿಲ್ಲ. ನಿದ್ದೆಯಲ್ಲಿ ಬೀಟಾ ತಾನಾಗಿ ಇಳಿಯುವುದರಿಂದ ಉಪಕರಣ ಕರೆಂಟನ್ನೂ ಇಳಿಸುತ್ತದೆ; ಕೆಳಮಿತಿ ತೀರಾ ಕಡಿಮೆ ಇಟ್ಟಿದ್ದರೆ ರಾತ್ರಿ ಮಗ್ಗುಲು ಬದಲಿಸಲಾಗದೆ ಒದ್ದಾಡುತ್ತಾರೆ. ಹಾಗಾಗಿ ಮೊದಲು ಸಾಮಾನ್ಯ ವಿಧಾನದಲ್ಲಿ ಸ್ಥಿರವಾದ ಸೆಟ್ಟಿಂಗ್ ಸಿಗಲಿ, ಅಡಾಪ್ಟಿವ್ ಅದರ ಮೇಲೆ ಕಟ್ಟುವ ಎರಡನೇ ಮಹಡಿ ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ನೆನಪಿಡಬೇಕಾದುದರಲ್ಲಿ ಮೊದಲನೆಯದು ಜೀವದ ಪ್ರಶ್ನೆ. ಮಂಡಿನೋವಿಗೋ ಭುಜದ ನೋವಿಗೋ ಫಿಸಿಯೋಥೆರಪಿಗೆ ಹೋದಾಗ ಶಾರ್ಟ್‌ವೇವ್, ಮೈಕ್ರೋವೇವ್, ಅಲ್ಟ್ರಾಸೌಂಡ್ ಡಯಾಥರ್ಮಿ ಕೊಡಿಸಲೇಬಾರದು. ಶಾಖ ಕೊಡುವುದು ಮಂಡಿಗಾದರೂ ತಂತಿಯಲ್ಲಿ ಹರಿಯುವ ಶಕ್ತಿ ಲೀಡಿನ ತುದಿಯನ್ನು ಬಿಸಿ ಮಾಡಿ ಮೆದುಳನ್ನು ಸುಡಬಹುದು. ಉಪಕರಣ ಆಫ್ ಮಾಡಿದ್ದರೂ ಇದೇ ಅಪಾಯ. ವ್ಯಾಯಾಮ ಎಷ್ಟು ಬೇಕಾದರೂ ಮಾಡಿಸಿ. ಎಂಆರ್‌ಐ ಬೇಕಾದರೆ ಉಪಕರಣದ ಮಾದರಿಗೆ ಒಪ್ಪುವ ಯಂತ್ರದಲ್ಲಿ, ಎಂಆರ್‌ಐ ಮೋಡ್‌ಗೆ ಹಾಕಿ, ಮುಗಿದ ಮೇಲೆ ಮತ್ತೆ ಆನ್ ಮಾಡಿದ್ದೇವೆಯೇ ಎಂದು ನೋಡಿಯೇ ಹೊರಡಬೇಕು. ವಿಮಾನ ನಿಲ್ದಾಣ, ಮೆಟ್ರೋ ಬಾಗಿಲಲ್ಲಿ ಗುರುತಿನ ಕಾರ್ಡ್ ತೋರಿಸಿ ಕೈ ತಪಾಸಣೆ ಕೇಳಿ. ಹೆಲ್ಮೆಟ್ಟಿನ ಅಂಚು ಕಿವಿಯ ಹಿಂದಿನ ಜೋಡಣೆಗೆ ಉಜ್ಜಿದರೆ ಚರ್ಮ ತೆಳುವಾಗುತ್ತದೆ. ಅಲ್ಲಿ ಕೆಂಪು, ಬಿಸಿ, ಸ್ವಲ್ಪ ಕೀವು ಕಂಡರೂ ಅರಿಶಿನ ಹಚ್ಚಿ ಕಾಯಬೇಡಿ, ಅದೇ ದಿನ ಫೋಟೋ ಕಳುಹಿಸಿ. ಸೋಂಕು ತಂತಿಯಗುಂಟ ಒಳಗೆ ಹೋದರೆ ಇಡೀ ಉಪಕರಣ ತೆಗೆಯಬೇಕಾಗುತ್ತದೆ. ಎದೆಯ ಬ್ಯಾಟರಿಯನ್ನು ಚರ್ಮದ ಮೇಲಿನಿಂದ ತಿರುಗಿಸುತ್ತಾ ಕೂರುವ ಅಭ್ಯಾಸವೂ ಬೇಡ, ತಂತಿ ಸುರುಳಿ ಸುತ್ತಿ ತುಂಡಾಗುತ್ತದೆ.

ಚಾರ್ಜ್ ಮಾಡುವ ಬ್ಯಾಟರಿ 15 ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳುತ್ತದೆ, ಚಾರ್ಜ್ ಬೇಡದ್ದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಒಬ್ಬರೇ ಇರುವ, ಕೈ ಸರಿಯಾಗಿ ಆಡದ ಹಿರಿಯರಿಗೆ ಚಾರ್ಜ್ ಮಾಡುವುದೇ ದೊಡ್ಡ ಕೆಲಸ. ಅವರಿಗೆ ಎರಡನೆಯದೇ ಸೂಕ್ತ. ಕರೆಂಟು ಹೋಗುವ ಊರಿನಲ್ಲಿ ಚಾರ್ಜರನ್ನು ಯಾವಾಗಲೂ ತುಂಬಿಸಿಟ್ಟಿರಿ, ಉಪಕರಣ ಅರ್ಧಕ್ಕೆ ಇಳಿಯುವ ಮೊದಲೇ ವಾರದ ದಿನ ಗೊತ್ತುಮಾಡಿಕೊಂಡು ಚಾರ್ಜ್ ಮಾಡಿ. ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ರಿಮೋಟಿನಲ್ಲಿ ಬಂದ ದಿನವೇ ಆಸ್ಪತ್ರೆಗೆ ತಿಳಿಸಿ ಬದಲಾವಣೆಯ ದಿನಾಂಕ ಪಡೆಯಬೇಕು. ವರ್ಷಗಳಿಂದ ನಡೆಯುತ್ತಿದ್ದ ಕರೆಂಟು ಥಟ್ಟನೆ ನಿಂತರೆ ಕೆಲವರಿಗೆ ಗಂಟೆಗಳಲ್ಲೇ ಮೈ ಕಟ್ಟಿಗೆಯಾಗಿ, ಜ್ವರ ಬಂದು, ನುಂಗಲಾಗದೆ ಪ್ರಾಣಾಪಾಯ ಆಗಬಹುದು. ಆಗ ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಲೆವೊಡೋಪಾ ಹೆಚ್ಚಿಸಿಕೊಂಡು, ಬ್ಯಾಟರಿ ಬದಲಿಸಬೇಕು. ಪ್ರತಿ ಭೇಟಿಯ ಕೊನೆಗೆ ಯಾವ ಕಾಂಟ್ಯಾಕ್ಟ್, ಎಷ್ಟು ಮಿಲಿಆಂಪಿಯರ್, ಎಷ್ಟು ಮೈಕ್ರೋಸೆಕೆಂಡ್, ಎಷ್ಟು ಹರ್ಟ್ಸ್ ಎಂದು ಎರಡೂ ಬದಿಗೂ ಬರೆಸಿಕೊಂಡು, ಆ ಹಾಳೆಯ ಫೋಟೋವನ್ನು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಹೊಸ ಬ್ಯಾಟರಿಗೆ ತುಂಬಬೇಕಾದದ್ದು ಅದೇ ಅಂಕಿಗಳು, ಬೇರೆ ಊರಿನ ತುರ್ತು ವಿಭಾಗದಲ್ಲಿ ಮೊದಲು ಕೇಳುವುದೂ ಅವನ್ನೇ.